ಗಣಕ ಪುಟ್ಟದು, ಚೀಲ ಎಂಥದು?

ಲ್ಯಾಪ್‌ಟಾಪ್ ಕೊಳ್ಳಲು ಹೋದ ಮನೆಮಂದಿ ಯಂತ್ರದ ಮುಂದೆ ಎರಡು ಗಂಟೆ ನಿಲ್ಲುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಖಾತರಿ ಎಷ್ಟು ವರ್ಷದ್ದು, ರಿಪೇರಿಗೆ ಎಲ್ಲಿ ಕೊಡಬೇಕು ಎಂದು ಒಂದೊಂದನ್ನೂ ಕೇಳಿ ತಿಳಿಯುತ್ತಾರೆ. ನೆರೆಮನೆಯ ಹುಡುಗನನ್ನು ಸಲಹೆಗಾರನಾಗಿ ಕರೆದೊಯ್ಯುವುದೂ ಉಂಟು. ಹಣ ತೆತ್ತು, ರಸೀದಿ ಪಡೆದು, ಇನ್ನೇನು ಮೆಟ್ಟಿಲಿಳಿಯಬೇಕು ಎನ್ನುವಾಗ ತಾಯಿಗೆ ನೆನಪಾಗುತ್ತದೆ: “ಇದನ್ನು ಯಾತರಲ್ಲಿ ಇಟ್ಟುಕೊಂಡು ಹೋಗುತ್ತೀಯೇ?”

ಮಗಳು ಅಂಗಡಿಯಾತನ ಮುಖ ನೋಡುತ್ತಾಳೆ. ಆತ ಮೇಲಿನ ಹಲಗೆಯಿಂದ ಕರಿಯ ಚೀಲವೊಂದನ್ನು ಇಳಿಸಿ ಧೂಳು ಕೊಡವುತ್ತಾನೆ. “ಇದು ಪುಕ್ಕಟೆ ಬರುತ್ತದಮ್ಮಾ, ಯಂತ್ರದ ಜೊತೆಗೇ.” ಅಲ್ಲಿಗೆ ಚೀಲದ ಆಯ್ಕೆ ಮುಗಿಯಿತು!

ಆ ಪುಕ್ಕಟೆ ಚೀಲ ಸಾಮಾನ್ಯವಾಗಿ 15.6 ಇಂಚಿನ ದೊಡ್ಡ ಯಂತ್ರಕ್ಕಾಗಿ ಹೊಲಿದದ್ದು. 11 ಇಂಚಿನ ಪುಟ್ಟ ಗಣಕ ಅದರೊಳಗೆ ಅಪ್ಪನ ಕೋಟು ತೊಟ್ಟ ಮಗುವಿನಂತೆ ಅತ್ತಿಂದಿತ್ತ ಓಲಾಡುತ್ತದೆ. ಒಂದು ದಿನ ಬಸ್ಸಿನಲ್ಲಿ ಸೀಟು ಸಿಕ್ಕ ಸಂತೋಷದಲ್ಲಿ ಹುಡುಗಿ ಚೀಲವನ್ನು ಕಾಲ ಬಳಿ ಇಳಿಸುತ್ತಾಳೆ. ‘ಟಕ್’ ಎಂಬ ಸಣ್ಣ ಸದ್ದು. ಕಾಲೇಜಿಗೆ ಹೋಗಿ ತೆರೆದು ನೋಡಿದರೆ ಪರದೆಯ ಒಂದು ಮೂಲೆಯಿಂದ ಜೇಡರ ಬಲೆಯಂತೆ ಬಿರುಕು ಹರಡಿಕೊಂಡಿದೆ. ತಂದೆ ತಿಂಗಳು ತಿಂಗಳು ಕಂತು ಕಟ್ಟುತ್ತಿರುವ ಯಂತ್ರ. ಮಗಳ ಮೂರು ತಿಂಗಳ ಬರೆಹವೆಲ್ಲ ಅದರೊಳಗೆ. ಎತ್ತರದಿಂದ ಬಿದ್ದು ಒಡೆದಿದ್ದರೆ ಸಮಾಧಾನ ಹೇಳಬಹುದಿತ್ತು. ಇದು ನೆಲದಿಂದ ಒಂದು ಗೇಣು ಎತ್ತರದಲ್ಲಿ ನಡೆದ ಅನಾಹುತ.

ಹೊತ್ತೊಯ್ಯುವ ಗಣಕವೆಂಬುದು ಮೊದಲು ಬಂದಾಗ ಚೀಲದ ಪ್ರಶ್ನೆಯೇ ಇರಲಿಲ್ಲ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಆಸ್ಬೋರ್ನ್ 1’ ಎಂಬುದು ಸುಮಾರು 11 ಕಿಲೋ ತೂಗುತ್ತಿತ್ತು. ನೋಡಲು ಹೊಲಿಗೆಯಂತ್ರದ ಪೆಟ್ಟಿಗೆಯಂತೆ, ಮೇಲೊಂದು ಹಿಡಿ. ಅದು ತನಗೆ ತಾನೇ ಪೆಟ್ಟಿಗೆಯಾಗಿತ್ತು. 2007ರಲ್ಲಿ ತೈವಾನಿನ ಏಸಸ್ ಸಂಸ್ಥೆ 7 ಇಂಚು ಪರದೆಯ, ಒಂದು ಕಿಲೋಗೂ ಕಡಮೆ ತೂಕದ ‘ಈ ಪಿಸಿ’ಯನ್ನು ಹೊರತಂದಿತು. ಮರುವರ್ಷದ ಜನವರಿಯಲ್ಲಿ ಸ್ಟೀವ್ ಜಾಬ್ಸ್ ತುಂಬಿದ ಸಭೆಯಲ್ಲಿ ಒಂದು ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರನ್ನು ಹೊರಗೆಳೆದು ಜನರನ್ನು ಬೆರಗುಗೊಳಿಸಿದರು. 2010ರಲ್ಲಿ ಸುಮಾರು 680 ಗ್ರಾಂ ತೂಕದ ಐಪ್ಯಾಡ್ ಬಂದಿತು. ಗಣಕ ಮತ್ತೆ ನಮ್ಮ ಹಿರಿಯರ ಸ್ಲೇಟಿನ ಆಕಾರಕ್ಕೆ ಮರಳಿತು. ಸ್ಲೇಟಿಗೆ ಸುತ್ತ ಮರದ ಚೌಕಟ್ಟಿತ್ತು. ಕೆಳಗೆ ಬಿದ್ದರೆ ಪೆಟ್ಟು ತಿನ್ನುತ್ತಿದ್ದುದು ಆ ಮರ. ಈ ಹೊಸ ಸ್ಲೇಟಿಗೆ ಅಂಥ ಚೌಕಟ್ಟಿಲ್ಲ. ಆ ಕೆಲಸವೀಗ ಚೀಲದ ಪಾಲಿಗೆ ಬಂದಿದೆ.

ಇಂಚಿನ ಮಾಯೆ

“ಎಷ್ಟು ಇಂಚಿನದು?” ಎಂದು ಅಂಗಡಿಯಾತ ಕೇಳುತ್ತಾನೆ. “ಹನ್ನೊಂದು” ಎಂದು ಕೊಳ್ಳುವವರು ಹೇಳುತ್ತಾರೆ. ಈ ಪ್ರಶ್ನೋತ್ತರದಲ್ಲಿಯೇ ಅರ್ಧ ತಪ್ಪು ಅಡಗಿದೆ. ಇಂಚಿನ ಲೆಕ್ಕ ಯಂತ್ರದ ಅಗಲವಲ್ಲ, ಉದ್ದವಲ್ಲ. ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಎಳೆದ ಗೆರೆಯ ಅಳತೆ. ಪರದೆಯ ಸುತ್ತಲಿನ ಅಂಚು ಅದರಲ್ಲಿ ಸೇರಿಲ್ಲ. ದಪ್ಪವಂತೂ ಮೊದಲೇ ಇಲ್ಲ. 11 ಇಂಚಿನ ಐಪ್ಯಾಡ್ ಪ್ರೊ ಸುಮಾರು 25 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ ಇರುತ್ತದೆ. 2010ರಲ್ಲಿ ಬಂದ 11.6 ಇಂಚಿನ ಮ್ಯಾಕ್‌ಬುಕ್ ಏರ್ 30 ಸೆಂಟಿಮೀಟರ್ ಉದ್ದ, 19 ಸೆಂಟಿಮೀಟರ್ ಅಗಲದ್ದು. ಹೆಸರಿಗೆ ಅರ್ಧ ಇಂಚಿನ ಅಂತರ. ಚೀಲದೊಳಗೆ ಹೋಗುವಾಗ 5 ಸೆಂಟಿಮೀಟರ್ ಅಂತರ! ಒಂದಕ್ಕೆ ಹೇಳಿ ಮಾಡಿಸಿದಂತಿರುವ ಚೀಲದ ಬಾಯಲ್ಲಿ ಇನ್ನೊಂದು ತೂರುವುದೇ ಇಲ್ಲ.

ಆದುದರಿಂದ ಅಂಗಡಿಗೆ ಯಂತ್ರವನ್ನೇ ಒಯ್ಯುವುದು ಮೇಲು. ಅದು ಆಗದಿದ್ದರೆ ಉದ್ದ, ಅಗಲ, ದಪ್ಪ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಟ್ಯಾಬ್ಲೆಟ್ಟಿಗೆ ಹೊದಿಕೆ ಅಥವಾ ಕೀಲಿಮಣೆ ಅಂಟಿಸಿದ್ದರೆ ಅದನ್ನು ಸೇರಿಸಿಯೇ ಅಳೆಯಬೇಕು. ಎಷ್ಟೋ ಮಂದಿ ಮರೆಯುವುದು ಇದನ್ನೇ. ಕೈಗೆ ಸಿಗುವ ಇನ್ನೊಂದು ಅಳತೆಗೋಲೂ ಇದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆ 29.7 ಸೆಂಟಿಮೀಟರ್ ಉದ್ದ, 21 ಸೆಂಟಿಮೀಟರ್ ಅಗಲದ್ದು. ಎ4 ಹಾಳೆಯ ರಟ್ಟಿನ ಫೈಲು ಮಡಚದೆ ಹಿಡಿಸುವ ಚೀಲದಲ್ಲಿ ಈ ಗಾತ್ರದ ಗಣಕಗಳು ಬಹುಮಟ್ಟಿಗೆ ಹಿಡಿಸುತ್ತವೆ.

ಯಂತ್ರ ಚೀಲದ ಅರೆಯೊಳಗೆ ಸರಾಗವಾಗಿ ಇಳಿಯಬೇಕು. ಇಳಿದ ಮೇಲೆ ಅಲುಗಾಡಬಾರದು. “ಮುಂದೆ ದೊಡ್ಡದು ಕೊಂಡರೂ ಆಗಿಬರಲಿ” ಎಂದು ಒಂದು ಗಾತ್ರ ಹೆಚ್ಚಿಸಿ ಕೊಳ್ಳುವ ಮನೆವಾರ್ತೆಯ ಜಾಣತನ ಸಮವಸ್ತ್ರಕ್ಕೆ ಸರಿ, ಇಲ್ಲಿ ನಷ್ಟಕ್ಕೆ ದಾರಿ.

ಪೆಟ್ಟು ಬೀಳುವುದು ಎಲ್ಲಿ?

ಚೀಲ ತೋರಿಸುವವರು ಅದರ ಎದೆಯನ್ನು ಹಿಸುಕಿ ತೋರಿಸುತ್ತಾರೆ. “ನೋಡಿ, ಎಷ್ಟು ದಪ್ಪ ಸ್ಪಂಜು!” ಎದೆಯ ಮೇಲೆ ಸ್ಪಂಜು ಇದ್ದರೆ ಒಳ್ಳೆಯದೇ. ಆದರೆ ಚೀಲವನ್ನು ದಿನಕ್ಕೆ ಹತ್ತು ಸಲ ಕೆಳಗಿಡುವಾಗ ನೆಲಕ್ಕೆ ತಾಗುವುದು ಎದೆಯಲ್ಲ, ತಳ. ತಳದಲ್ಲಿಯೂ ಎರಡು ಮೂಲೆಗಳು. ಯಂತ್ರದ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಅಗ್ಗದ ಚೀಲಗಳಲ್ಲಿ ತಳಕ್ಕೆ ಒಂದೇ ಪದರ ಬಟ್ಟೆ. ಅದರಾಚೆಗೆ ಗ್ರಾನೈಟ್ ನೆಲ.

ಪರೀಕ್ಷೆ ಸುಲಭವಾದದ್ದು. ಗಣಕವನ್ನಿಡುವ ಅರೆಯೊಳಕ್ಕೆ ಕೈಯಿಳಿಸಿ ಬೆರಳುಗಳಿಂದ ತಳ ಮುಟ್ಟಬೇಕು. ಇನ್ನೊಂದು ಕೈಯನ್ನು ಹೊರಗಿನಿಂದ ಚೀಲದ ತಳಕ್ಕೆ ಹಿಡಿಯಬೇಕು. ಎರಡು ಕೈಗಳ ನಡುವೆ ಎರಡು ಬೆರಳಗಲವಾದರೂ ಅಂತರ ಇದ್ದರೆ ಅದು ವಿವೇಕದಿಂದ ಹೊಲಿದ ಚೀಲ. ಅಂಥದರಲ್ಲಿ ಅರೆಯು ತೊಟ್ಟಿಲಿನಂತೆ ಮೇಲಿನಿಂದ ತೂಗುಬಿದ್ದಿರುತ್ತದೆ; ಚೀಲ ನೆಲಕ್ಕೆ ತಾಗಿದರೂ ಗಣಕ ತಾಗುವುದಿಲ್ಲ. ಒಂದು ಕೈಯ ಬೆರಳು ಇನ್ನೊಂದಕ್ಕೆ ಬಟ್ಟೆಯ ಮೂಲಕವೇ ತಿಳಿದರೆ, ಬೆಲೆ ಎಷ್ಟೇ ಇರಲಿ, ಬಣ್ಣ ಎಂಥದೇ ಇರಲಿ, ಅದನ್ನು ಮರಳಿ ಹಲಗೆಗೇರಿಸುವುದು ಲೇಸು.

ಎರಡನೆಯ ಶತ್ರು ಒತ್ತಡ. ಬೆಳಗಿನ ಒಂಬತ್ತು ಗಂಟೆಗೆ ಮೆಜೆಸ್ಟಿಕ್ಕಿನಿಂದ ಹೊರಡುವ ಬಸ್ಸಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪರದೆಯ ಬೆನ್ನಿಗೆ ಚಾರ್ಜರಿನ ಗಡ್ಡೆಯನ್ನೋ ಸ್ಟೀಲಿನ ಊಟದ ಡಬ್ಬಿಯನ್ನೋ ಇಟ್ಟು, ಹೊರಗಿನಿಂದ ಹತ್ತು ಜನ ಒತ್ತಿದರೆ ತೆಳ್ಳನೆಯ ಪರದೆ ಎಷ್ಟು ತಡೆದೀತು? ಚಾರ್ಜರಿಗೆ ಬೇರೆಯೇ ಕಿಸೆ ಇರಬೇಕು; ಅದು ಗಣಕದ ಅರೆಗೆ ನೇರ ಎದುರಾಗಿರದೆ ಕೆಳಗೋ ಪಕ್ಕಕ್ಕೋ ಇರಬೇಕು. ಡಬ್ಬಿಗಂತೂ, ಸಾರು ಸೋರುವ ನಮ್ಮ ಡಬ್ಬಿಗಳ ಸ್ವಭಾವ ಬಲ್ಲವರು, ಪ್ರತ್ಯೇಕ ಕೈಚೀಲವನ್ನೇ ಕೊಡುತ್ತಾರೆ.

ಜಿಪ್ಪಿನ ಮಾತನ್ನೂ ಆಡಿಬಿಡಬೇಕು. ಲೋಹದ ಹಲ್ಲಿನ ಜಿಪ್ಪು ಗಟ್ಟಿಮುಟ್ಟಾದದ್ದು. ಆದರೆ ಯಂತ್ರವನ್ನು ಒಳಗಿಡುವಾಗಲೆಲ್ಲ ಅದರ ಮೈಗೆ ಗೀರು ಎಳೆಯುತ್ತದೆ. ಜಿಪ್ಪಿನ ಒಳಬದಿಗೆ ಬಟ್ಟೆಯ ಪಟ್ಟಿಯೊಂದನ್ನು ಹೊಲಿದಿದ್ದರೆ ಆ ಕಾಟವಿಲ್ಲ. ಕೆಲವು ಚೀಲಗಳಿಗೆ ಜಿಪ್ಪಿನ ಬದಲು ಪರ್ರೆಂದು ಬಿಚ್ಚುವ ವೆಲ್ಕ್ರೋ ಪಟ್ಟಿ. ಸ್ವಿಟ್ಸರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬಾತ 1941ರಲ್ಲಿ ನಾಯಿಯೊಂದಿಗೆ ಅಡ್ಡಾಡಿ ಬಂದಾಗ ಮೈಗೆ ಅಂಟಿಕೊಂಡ ಮುಳ್ಳುಕಾಯಿಗಳನ್ನು ನೋಡಿ ಇದನ್ನು ಕಲ್ಪಿಸಿದ. ನಮ್ಮ ಹೊಲದ ಬದುವಿನಲ್ಲಿ ಪಂಚೆಗೆ ಅಂಟುವ ಉತ್ತರಾಣಿಯದೂ ಅದೇ ವಿದ್ಯೆ. ಗ್ರಂಥಾಲಯಕ್ಕೆ ಹೋಗುವವರಿಗೆ ಆ ಸದ್ದು ಮುಜುಗರ ತರುತ್ತದೆ. ಇನ್ನು ಅಯಸ್ಕಾಂತದ ಗುಂಡಿಯಿಂದ ಗಣಕದೊಳಗಿನ ಬರೆಹ ಅಳಿಸಿಹೋದೀತೆಂಬ ಭಯ ಬೇಡ. ಮುಚ್ಚಳ ಮುಚ್ಚಿತೆಂದು ಭ್ರಮಿಸಿ ಯಂತ್ರ ನಿದ್ರೆಗೆ ಜಾರಬಹುದು, ಅಷ್ಟೆ. ಬ್ಯಾಂಕಿನ ಕಾರ್ಡಿನ ಕಪ್ಪು ಪಟ್ಟಿಯನ್ನು ಮಾತ್ರ ಅದರಿಂದ ದೂರವಿಡಬೇಕು.

ಬಟ್ಟೆ ಮತ್ತು ಮಳೆ

ಗಣಕವನ್ನು ಬಿಗಿಯಾಗಿ ಅಪ್ಪಿಕೊಳ್ಳುವ ಮೆತ್ತನೆಯ ಕವಚಗಳು ಹೆಚ್ಚಾಗಿ ನಿಯೋಪ್ರೀನಿನವು. 1930ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಕೃತಕ ರಬ್ಬರು ಅದು. ಸಮುದ್ರಕ್ಕೆ ಧುಮುಕುವವರ ಉಡುಪನ್ನು ಮಾಡುವುದೂ ಅದರಿಂದಲೇ. ಗೀರು, ಧೂಳು, ಸಣ್ಣ ಪೆಟ್ಟುಗಳಿಗೆ ಸಾಕು. ಬಾಗುವುದನ್ನು ಅದು ತಡೆಯದು. ಅಂಥ ಕವಚವನ್ನು ಒಳ ಅಂಗಿಯೆಂದು ತಿಳಿಯಬೇಕೇ ಹೊರತು ಕೋಟೆಂದಲ್ಲ.

ಹೊರಚೀಲದ ಚೀಟಿಯ ಮೇಲೆ ‘600 ಡಿ’ ಎಂದೋ ‘1000 ಡಿ’ ಎಂದೋ ಅಚ್ಚಾಗಿರುತ್ತದೆ. ಡಿ ಎಂದರೆ ಡೆನಿಯರ್. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಅಂಕಿ ಹೆಚ್ಚಿದಷ್ಟೂ ನೂಲು ದಪ್ಪ, ಚೀಲವೂ ಭಾರ. ಪುಟ್ಟ ಗಣಕಕ್ಕೆ ದೊಡ್ಡ ಅಂಕಿಯ ಮೋಹ ಬೇಕಿಲ್ಲ. ಹಿಡಿ ಮತ್ತು ಹೆಗಲಪಟ್ಟಿ ಚೀಲಕ್ಕೆ ಸೇರುವೆಡೆ ಹೊಲಿಗೆ ಒಂದೇ ಸಾಲಾಗಿದೆಯೋ, ಚೌಕ ಹಾಕಿ ನಡುವೆ ಅಡ್ಡಡ್ಡ ಹೊಲಿದಿದೆಯೋ ನೋಡುವುದು ಹೆಚ್ಚು ಫಲಕಾರಿ. ಚೀಲ ಮೊದಲು ಕಿತ್ತುಬರುವುದು ಅಲ್ಲಿಯೇ.

‘ನೀರು ತಾಗದು’ ಎಂಬ ಮಾತನ್ನು ಅರ್ಧವಷ್ಟೇ ನಂಬಬೇಕು. ಬಟ್ಟೆಯ ಒಳಮೈಗೆ ಬಳಿದ ಲೇಪ ನೀರನ್ನು ತಡೆಯುತ್ತದೆ, ನಿಜ. ಆದರೆ ಮಳೆ ಒಳನುಗ್ಗುವುದು ಬಟ್ಟೆಯಿಂದಲ್ಲ, ಜಿಪ್ಪಿನಿಂದ ಮತ್ತು ಸೂಜಿಯ ತೂತಿನಿಂದ. ನಮ್ಮ ಸೆಖೆಗೂ ತೇವಕ್ಕೂ ಆ ಲೇಪ ಕೆಲವು ವರ್ಷಗಳಲ್ಲಿ ಜಿಗುಟಾಗಿ, ಆಮೇಲೆ ಹೊಟ್ಟಿನಂತೆ ಉದುರತೊಡಗುತ್ತದೆ. ಬೆನ್ನುಚೀಲದ ಮಳೆಯಂಗಿಯೂ ಹಾಗೆಯೇ: ಸ್ಕೂಟರಿನ ಮೇಲೆ ಕುಳಿತವರ ಕೊರಳಿನಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ಹರಿದು, ಅಂಗಿ ತೊಡದ ಬದಿಯಿಂದ ಒಳಸೇರುತ್ತದೆ. ಮಲೆನಾಡಿನವರು ಪುಸ್ತಕಗಳಿಗೆ ಮಾಡುತ್ತ ಬಂದಿರುವ ಉಪಾಯವೇ ಇಲ್ಲಿಯೂ ಗಟ್ಟಿ. ಒಳ್ಳೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡುವುದು. ಗಣಕವನ್ನು ಪೂರ್ತಿ ಆರಿಸಿದ ಮೇಲೆಯೇ ಸುತ್ತಬೇಕೆಂಬುದನ್ನು ಮರೆಯಬಾರದು. ನಡೆಯುತ್ತಿರುವ ಯಂತ್ರ ಮುಚ್ಚಿದ ಚೀಲದಲ್ಲಿ ಬಿಸಿಯೇರುತ್ತದೆ. ತೊಗಲಿನ ಚೀಲಕ್ಕೆ ಅಂದವುಂಟು, ಗಾಂಭೀರ್ಯವುಂಟು. ಜೂನಿನಲ್ಲಿ ಮಂಗಳೂರಿಗೋ ತೀರ್ಥಹಳ್ಳಿಗೋ ಒಯ್ದರೆ ಬೂಷ್ಟೂ ಉಂಟು.

ಹೆಗಲಿನ ಪಾಡು

ಇಷ್ಟು ಹೊತ್ತೂ ಯಂತ್ರದ ಕ್ಷೇಮದ ಮಾತಾಯಿತು. ಹೊರುವವರ ಕ್ಷೇಮ? ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್ ರಾಜ್ಯಸಭೆಯ ಸದಸ್ಯರಾಗಿ 1989ರಲ್ಲಿ ಅಲ್ಲಿ ಮಾಡಿದ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಶಾಲೆಯ ಮಕ್ಕಳ ಚೀಲದ ಭಾರ. ಬಳಿಕ ಪ್ರೊಫೆಸರ್ ಯಶಪಾಲರ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿ, ಚೀಲ ಮಗುವಿನ ಮೈತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದಿತು.

ನೀತಿ ಮಾಡಿದ್ದು ಶಾಲೆಯ ಮಕ್ಕಳಿಗೆ. ಆ ಗೋಲಿನಿಂದಲೇ ಕಾಲೇಜು ಹುಡುಗಿಯೊಬ್ಬಳ ಚೀಲವನ್ನು ಅಳೆದರೆ ಏನಾದೀತು? ಆಕೆ 45 ಕಿಲೋ ತೂಗಿದರೆ ಮಿತಿ ನಾಲ್ಕೂವರೆ ಕಿಲೋ. ಗಣಕ 1,250 ಗ್ರಾಂ, ಚಾರ್ಜರು 250, ತುಂಬಿದ ನೀರಿನ ಬಾಟಲಿ 1,200, ಊಟದ ಡಬ್ಬಿ 700, ಕೊಡೆ 300, ಎರಡು ನೋಟುಬುಕ್ಕು 600. ಇಷ್ಟಕ್ಕೇ 4,300 ಗ್ರಾಂ ಆಯಿತು. ಚೀಲಕ್ಕೆ ಉಳಿದದ್ದು 200 ಗ್ರಾಂ! ಬರಿಯ ಚೀಲವೇ ಒಂದು ಕಿಲೋ ತೂಗುವುದು ಅಪರೂಪವೇನಲ್ಲ. ಗಣಕವನ್ನು ಹಗುರ ಮಾಡಲು ಹೆಚ್ಚು ಹಣ ತೆತ್ತವರು ಆ ಲಾಭವನ್ನೆಲ್ಲ ಚೀಲದಲ್ಲಿ ಕಳೆದುಕೊಳ್ಳುವುದು ಹೀಗೆ. ಬಾಟಲಿಯಲ್ಲಿ ಅರ್ಧ ಲೀಟರ್ ನೀರನ್ನಷ್ಟೇ ಒಯ್ದು ಕಾಲೇಜಿನಲ್ಲಿ ಮತ್ತೆ ತುಂಬಿಕೊಂಡು, 700 ಗ್ರಾಮಿನ ಚೀಲ ಆರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಕೊಳ್ಳುವ ಮುನ್ನ ಖಾಲಿ ಚೀಲವನ್ನು ತಕ್ಕಡಿಗೆ ಹಾಕಿಸಲು ಸಂಕೋಚಪಡಬೇಕಾಗಿಲ್ಲ. ಪಕ್ಕದ ದಿನಸಿ ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ.

ಬಸ್ಸು ಮೆಟ್ರೋಗಳಲ್ಲಿ ನಿಂತು ಹೋಗುವವರಿಗೆ, ಸ್ಕೂಟರಿನವರಿಗೆ ಎರಡು ಪಟ್ಟಿಯ ಬೆನ್ನುಚೀಲವೇ ಸರಿ. ಭಾರ ಎರಡು ಹೆಗಲಿಗೂ ಹಂಚಿಹೋಗುತ್ತದೆ. ನೂಕುನುಗ್ಗಲಲ್ಲಿ ಅದನ್ನು ಎದೆಯ ಮೇಲೆ ತಿರುಗಿಸಿಕೊಂಡರೆ ಕಳ್ಳನಿಗೂ ಕಷ್ಟ, ಹಿಂದೆ ನಿಂತವರಿಗೂ ಸುಖ. ಕೇವಲ ಒಂದು ಟ್ಯಾಬ್ಲೆಟ್ಟನ್ನು ಹಿಡಿದು ಹತ್ತಿರದ ಕಚೇರಿಗೆ ನಡೆದುಹೋಗುವವರಿಗೆ ಬೆನ್ನುಚೀಲದ ಆಡಂಬರವೇಕೆ? ಓರೆಯಾಗಿ ಧರಿಸುವ ಸಣ್ಣ ಬಗಲುಚೀಲ ಸಾಕು. ಹೆಗಲನ್ನು ಆಗಾಗ ಬದಲಿಸುತ್ತಿದ್ದರಾಯಿತು.

ಹೆಗಲಿನ ಮಾತು ಬಂದಾಗ ಜೋಳಿಗೆಯನ್ನು ಬಿಡುವಂತಿಲ್ಲ. ಖಾದಿಯ ಜೋಳಿಗೆ, ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿಚೀಲ ಇವು ಹಗುರ, ಒಗೆಯಲು ಸುಲಭ. ಒಳಗೆ ದುಬಾರಿ ಯಂತ್ರವಿದೆಯೆಂದು ಅವು ಊರಿಗೆಲ್ಲ ಸಾರುವುದಿಲ್ಲ. ಇದೇನು ಸಣ್ಣ ಗುಣವಲ್ಲ. ಕೊರತೆಯೆಂದರೆ ಅವುಗಳಿಗೆ ತಳವಿಲ್ಲ, ಮೆತ್ತೆಯಿಲ್ಲ. ಓಲಾಡಿ ಬಸ್ಸಿನ ಕಂಬಕ್ಕೆ ಬಡಿಯುತ್ತವೆ. ಒಳಗೊಂದು ಗಟ್ಟಿ ಕವಚವಿದ್ದರೆ ಆ ಕೊರತೆ ನೀಗುತ್ತದೆ. ಕವಚವನ್ನು ಕೊಳ್ಳಲೇಬೇಕೆಂದೂ ಇಲ್ಲ. ಹಳೆಯ ಕೌದಿಯ ಗಟ್ಟಿ ಭಾಗವನ್ನು ಕತ್ತರಿಸಿ ಬೀದಿಯ ದರ್ಜಿಗೆ ಕೊಟ್ಟರೆ ಆತ ಅರ್ಧ ದಿನದಲ್ಲಿ ಹೊಲಿದುಕೊಡುತ್ತಾನೆ. ಅಳತೆಯನ್ನು ಮಾತ್ರ ಸರಿಯಾಗಿ ಹೇಳಬೇಕು. ಯಂತ್ರದ ಉದ್ದಕ್ಕೆ ದಪ್ಪವನ್ನು ಕೂಡಿಸಿ, ಸರಾಗಕ್ಕೆ ಒಂದು ಸೆಂಟಿಮೀಟರ್, ಹೊಲಿಗೆಗೆ ಎರಡು ಬದಿಗೂ ಒಂದೊಂದು. 30 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ದಪ್ಪದ ಗಣಕಕ್ಕೆ 35 ಸೆಂಟಿಮೀಟರಿನ ಎರಡು ತುಂಡು ಬೇಕು. ಬಾಯಿ ಉದ್ದದ ಬದಿಗಿರಲಿ. ಮುಚ್ಚಲು ಒಂದು ಮಡಿಕೆ, ಕಟ್ಟಲು ಲಾಡಿ. ತಳದ ಎರಡು ಮೂಲೆಗಳಿಗೆ ಅದೇ ಕೌದಿಯ ಚೂರನ್ನು ಇನ್ನೊಂದು ಪದರವಾಗಿ ಸೇರಿಸಿ ಹೊಲಿಯುವಂತೆ ದರ್ಜಿಗೆ ಮೊದಲೇ ಹೇಳಿರಬೇಕು.