ನಿಮಗಿದು ಗೊತ್ತೆ? ಶಾಲೆಗೆ ಬರುವ ನೋಟಿನ ಮರ

ಥಾಯ್ಲೆಂಡ್‌ನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೋದ ವಿದೇಶಿ ಮೇಷ್ಟ್ರ ಕೈಗೂ ಒಮ್ಮೊಮ್ಮೆ ಖಾಲಿ ಲಕೋಟೆಯೊಂದು ಬರುತ್ತದೆ. ಗಾಬರಿ ಬೇಡ, ಅದು ‘ಫಾ ಪಾ’ ಎಂಬ ಬೌದ್ಧ ದಾನದ ಹಬ್ಬಕ್ಕೆ ಕರೆ. ಕೈಲಾದಷ್ಟು ಹಾಕಿ ವಾಪಸ್ ಕೊಟ್ಟರಾಯಿತು.

ಹಬ್ಬದ ದಿನ ಉದ್ದನೆಯ ಡೋಲು ಬಡಿಯುತ್ತಾ ಮೆರವಣಿಗೆ ಹೊರಡುತ್ತದೆ. ನಾಚಿಕೊಂಡು ನಿಂತ ಮೇಷ್ಟ್ರನ್ನೂ ಊರಿನ ಅಜ್ಜಿಯರು ಕುಣಿತಕ್ಕೆ ಎಳೆಯದೆ ಬಿಡುವುದು ಕಷ್ಟ! ನಡುವೆ ಬರುವುದೇ ‘ಹಣದ ಮರ’. ಬಿದಿರುಕಡ್ಡಿಯ ತುದಿ ಸೀಳಿ, ಸೀಳಿಗೆ ನೋಟು ಸಿಕ್ಕಿಸಿ, ಕಡ್ಡಿಗಳನ್ನು ಮರದಾಕಾರದಲ್ಲಿ ಒತ್ತಾಗಿ ಚುಚ್ಚಿರುತ್ತಾರೆ. 20 ಬಾತ್‌ನ ನೋಟು ಹಸಿರು ಬಣ್ಣದ್ದು. ಅದೇ ಹೆಚ್ಚಿದ್ದರೆ ಮರ ಚಿಗುರಿದಂತೆಯೇ ಕಾಣುತ್ತದೆ.

ಫಾ ಪಾ ಹಬ್ಬದ ಬೇರು ಬುದ್ಧನ ಕಾಲದ್ದು. ಆಗಿನ ಭಿಕ್ಷುಗಳು ಸ್ಮಶಾನದಲ್ಲಿ, ದಾರಿಬದಿಯಲ್ಲಿ ಬಿಸಾಡಿದ ಬಟ್ಟೆ ಆಯ್ದು, ಒಗೆದು, ಹೊಲಿದು ಚೀವರ, ಅಂದರೆ ತಮ್ಮ ಉಡುಪು, ಮಾಡಿಕೊಳ್ಳುತ್ತಿದ್ದರು. ಇದನ್ನು ಕಂಡ ಭಕ್ತರು ಬಟ್ಟೆಯನ್ನು ಕಾಡಿನ ಕೊಂಬೆಗೆ ಹಾಕಿ ಹೋಗುತ್ತಿದ್ದರಂತೆ. ಈಗಲೂ ಚೀವರವನ್ನು ಕೊಂಬೆಯ ಮೇಲಿಟ್ಟೇ ಅರ್ಪಿಸುತ್ತಾರೆ.

ಕಠಿನ ಎಂಬ ಇನ್ನೊಂದು ಚೀವರದಾನಕ್ಕೆ ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನೆಲೆಸುವ ವರ್ಷಾವಾಸ ಮುಗಿದ ನಂತರದ ಒಂದು ತಿಂಗಳಷ್ಟೇ ಅವಕಾಶ. ಫಾ ಪಾಗೆ ಆ ಕಟ್ಟುಪಾಡಿಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಮಾಡಬಹುದು. ಹಾಗಾಗಿಯೇ ದೇಗುಲಗಳ ಜೊತೆಗೆ ಶಾಲೆಗಳೂ ಕಟ್ಟಡ, ಕಂಪ್ಯೂಟರು, ವಿದ್ಯಾರ್ಥಿವೇತನಕ್ಕೆಂದು ಇದನ್ನು ನೆಚ್ಚಿಕೊಂಡಿವೆ.