ಮನೆ ಕಟ್ಟಿ ನೋಡು, ಪರೀಕ್ಷೆ ಬರೆದು ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಈ ಎರಡು ಕೆಲಸಗಳಿಗೂ ಆರಂಭವುಂಟು, ಮುಕ್ತಾಯವುಂಟು, ಖರ್ಚಿಗೆ ಮಿತಿಯುಂಟು, ಒಂದು ಮನೆಯಂತೆ ಇನ್ನೊಂದಿಲ್ಲ, ಒಂದು ಮದುವೆಯಂತೆ ಮತ್ತೊಂದಿಲ್ಲ. ಇಂಥ ಕೆಲಸಕ್ಕೇ ಪ್ರಾಜೆಕ್ಟ್ ಎಂದು ಹೆಸರು. ಅದನ್ನು ಹೊತ್ತಿಗೆ ಸರಿಯಾಗಿ, ಹಣ ಮೀರದಂತೆ, ಕೂಡಿ ದುಡಿಯುವವರ ಮನಸ್ಸು ಮುರಿಯದಂತೆ ಮುಗಿಸುವ ವಿದ್ಯೆಯೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್.

ಈ ವಿದ್ಯೆಯಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವುಗಳಲ್ಲಿ ಹೆಸರಾದುದು, 1969ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಅದರ ಪಿ.ಎಂ.ಪಿ. ಪರೀಕ್ಷೆ 1984ರಲ್ಲಿ ಮೊದಲಾಯಿತು. ಅದಕ್ಕೆ ಪ್ರಾಜೆಕ್ಟುಗಳನ್ನು ನಡೆಸಿದ ಕೆಲವು ವರ್ಷಗಳ ಅನುಭವ ಬೇಕು. ನಮ್ಮಂಥ ವಿದ್ಯಾರ್ಥಿಗಳಿಗೆ ತೆರೆದಿರುವುದು ಸಿ.ಎ.ಪಿ.ಎಂ. ಇದಕ್ಕೆ ಅನುಭವದ ಕಟ್ಟಳೆಯಿಲ್ಲ. ಪ್ರೌಢಶಿಕ್ಷಣ ಮುಗಿಸಿ, ಈ ವಿಷಯದಲ್ಲಿ 23 ಗಂಟೆಗಳ ಪಾಠ ಕೇಳಿರಬೇಕು. 2023ರಲ್ಲಿ ಪರಿಷ್ಕೃತವಾದ ರೂಪದಲ್ಲಿ 150 ಪ್ರಶ್ನೆಗಳು, 3 ಗಂಟೆಗಳ ಕಾಲ. ಎಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಮೂಲತತ್ತ್ವಗಳಿಗೆ ನೂರಕ್ಕೆ 36, ಮೊದಲೇ ಯೋಜಿಸಿ ನಡೆಸುವ ಕ್ರಮಕ್ಕೆ 17, ಹಂತಹಂತವಾಗಿ ತಿದ್ದಿಕೊಳ್ಳುತ್ತ ಸಾಗುವ ಅಜೈಲ್ ಕ್ರಮಕ್ಕೆ 20, ವ್ಯವಹಾರದ ಅಗತ್ಯಗಳ ವಿಶ್ಲೇಷಣೆಗೆ 27 ಎಂದು ಪಾಲು.

ಅಂತಿಮ ಬಿ.ಎ. ತರಗತಿಯ ನಾನು ಈ ಪರೀಕ್ಷೆಗೆ ಓದುತ್ತಿದ್ದೇನೆಂದರೆ “ಅದು ಎಂಜಿನಿಯರುಗಳದಲ್ಲವೇ?” ಎಂದು ಗೆಳೆಯರು ಕೇಳುವುದುಂಟು. ಅಡ್ಡಿ ಇರುವುದು ವಿಷಯದಲ್ಲಲ್ಲ, ಭಾಷೆಯಲ್ಲಿ. ಪರೀಕ್ಷೆ ಕನ್ನಡದಲ್ಲಿ ಇಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನ್ನಂಥವರಿಗೆ ಪಾರಿಭಾಷಿಕ ಪದಗಳೇ ಗೋಡೆಯಾಗಿ ನಿಲ್ಲುತ್ತವೆ. ಆದುದರಿಂದ ನಾನು ಹಿಡಿದ ದಾರಿ ಇದು: ಮೊದಲು ಕಂಡು ತಿಳಿದ ಕೆಲಸವೊಂದನ್ನು ಕನ್ನಡದಲ್ಲಿ ಲೆಕ್ಕ ಹಾಕುವುದು, ಆಮೇಲೆ ಅದಕ್ಕೆ ಇಂಗ್ಲಿಷಿನ ಹೆಸರು ಅಂಟಿಸುವುದು. ಎರಡು ನಿದರ್ಶನ ಕೊಡುತ್ತೇನೆ.

ಮದುವೆಯನ್ನೇ ತೆಗೆದುಕೊಳ್ಳೋಣ. ಛತ್ರ ಗೊತ್ತುಮಾಡಲು 4 ದಿನ, ಆಮೇಲೆ ಲಗ್ನಪತ್ರಿಕೆ ಅಚ್ಚಾಗಲು 6 ದಿನ, ಅದನ್ನು ಹಂಚಲು 15 ದಿನ, ಒಟ್ಟು 25. ಇನ್ನೊಂದು ಕಡೆ ಜವಳಿ ಕೊಳ್ಳಲು 3 ದಿನ, ಹೊಲಿಗೆಗೆ 12 ದಿನ, ಒಟ್ಟು 15. ಹೊಲಿಗೆ ಎಂಟು ದಿನ ತಡವಾದರೂ ಚಿಂತೆಯಿಲ್ಲ. ಅಲ್ಲಿ 10 ದಿನಗಳ ಬಿಡುವಿದೆ. ಪತ್ರಿಕೆ ಎರಡು ದಿನ ತಡವಾದರೆ ಎಲ್ಲವೂ ಎರಡು ದಿನ ತಡ. ಈ 25 ದಿನಗಳ ಸರಪಣಿಯೇ ಕ್ರಿಟಿಕಲ್ ಪಾತ್. ಆ ಬಿಡುವೇ ಫ್ಲೋಟ್. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯ ಕೆಲಸಕ್ಕಾಗಿ ರೂಪುಗೊಂಡ ಈ ಲೆಕ್ಕವನ್ನು ನಮ್ಮ ಮನೆಯ ಹಿರಿಯರು ಹೆಸರಿಲ್ಲದೆಯೇ ಮಾಡುತ್ತಿದ್ದಾರೆ.

ಎರಡನೆಯದು ಗೋಡೆ. 100 ಅಡಿ ಗೋಡೆಯನ್ನು ಅಡಿಗೆ 1,000 ರೂಪಾಯಿಯಂತೆ 10 ದಿನಗಳಲ್ಲಿ ಕಟ್ಟಬೇಕು. ಐದನೆಯ ದಿನಕ್ಕೆ 50 ಅಡಿ ಏಳಬೇಕಿತ್ತು, ಎದ್ದದ್ದು 40. ಖರ್ಚು 48,000 ರೂಪಾಯಿ. ಬರಿಯ ಖರ್ಚನ್ನು ನೋಡಿದವನು, 50,000ದ ಒಳಗೇ ಇದೆಯೆಂದು ಹಿಗ್ಗುವನು. ಆದರೆ ಆಗಿರುವ ಕೆಲಸದ ಬೆಲೆ 40,000 ಮಾತ್ರ. ಇದೇ ಅರ್ನ್ಡ್ ವ್ಯಾಲ್ಯೂ. ಇದನ್ನು ಖರ್ಚಿನಿಂದ ಭಾಗಿಸಿದರೆ ಸುಮಾರು 0.83, ಹೀಗೆಯೇ ಸಾಗಿದರೆ ಗೋಡೆ ಮುಗಿಯುವ ಹೊತ್ತಿಗೆ 1,20,000 ರೂಪಾಯಿ ಆಗುವುದು. ಭಾಗಾಕಾರ ಬಲ್ಲವನಿಗೆ ಇದಕ್ಕಿಂತ ಹೆಚ್ಚಿನ ಗಣಿತ ಬೇಡ.

ಲೆಕ್ಕವಲ್ಲದೆ ವಿವೇಚನೆಯ ಪ್ರಶ್ನೆಗಳೂ ಬರುತ್ತವೆ. ತಂಡದವನೊಬ್ಬ ಕೆಲಸವನ್ನು ತಡಮಾಡುತ್ತಿದ್ದಾನೆ. ಮೇಲಿನವರಿಗೆ ದೂರು ಕೊಡುವುದೇ, ಬೇರೊಬ್ಬನನ್ನು ತರುವುದೇ, ತಾನೇ ಮಾಡಿಬಿಡುವುದೇ, ಅವನೊಡನೆ ಕುಳಿತು ಕಾರಣ ತಿಳಿಯುವುದೇ? ಸಾಮಾನ್ಯವಾಗಿ ಕಾರಣ ತಿಳಿಯುವುದೇ ಮೊದಲ ಹೆಜ್ಜೆ. ಇಂಥ ಪ್ರಶ್ನೆಗಳಿಗೆ ಉತ್ತರವನ್ನು ಗುರುತುಹಾಕಿದರೆ ಸಾಲದು. ಉಳಿದ ಮೂರು ಏಕೆ ಸಲ್ಲವೆಂದು ಕನ್ನಡದಲ್ಲಿ ಒಂದೊಂದು ಸಾಲು ಬರೆದಿಡುವುದು ಒಳ್ಳೆಯ ಅಭ್ಯಾಸ. ಕಡೆಯ ತಿಂಗಳಲ್ಲಿ ಮಾತ್ರ ಗಡಿಯಾರವಿಟ್ಟುಕೊಂಡು ಇಂಗ್ಲಿಷಿನಲ್ಲೇ ಪೂರ್ಣ ಪತ್ರಿಕೆಗಳನ್ನು ಬಿಡಿಸಬೇಕು. ಭಾಷೆಯ ವೇಗ ಬರುವುದು ಹಾಗೆಯೇ.

ಶುಲ್ಕವು ನಮ್ಮಂಥ ಮನೆಗಳಲ್ಲಿ ಎರಡು ಬಾರಿ ಯೋಚಿಸಿ ಕೊಡಬೇಕಾದ ಮೊತ್ತ. ಒಂದು ವರ್ಷದೊಳಗೆ ಮೂರು ಸಲ ಬರೆಯಲು ಅವಕಾಶವಿದ್ದರೂ ಪ್ರತಿ ಸಲವೂ ಹಣ ತೆರಬೇಕು. ಆದುದರಿಂದ ಅಭ್ಯಾಸ ಪತ್ರಿಕೆಗಳಲ್ಲಿ ಸ್ಥಿರವಾಗಿ ಉತ್ತಮ ಅಂಕ ಬರುವವರೆಗೆ ಶುಲ್ಕ ಕಟ್ಟಬಾರದೆಂಬುದು ನನ್ನ ನಿರ್ಧಾರ. ಪ್ರಮಾಣಪತ್ರವೊಂದೇ ಉದ್ಯೋಗ ತಂದುಕೊಡುವುದೆಂಬ ಭ್ರಮೆಯೂ ನನಗಿಲ್ಲ. ಆದರೆ ಕಲಾ ವಿದ್ಯಾರ್ಥಿಗೆ ಇದು ಹೊರಗಿನ ವಿದ್ಯೆಯೆಂದು ನಾವೇ ಬಾಗಿಲು ಮುಚ್ಚಿಕೊಳ್ಳುವುದು ತರವಲ್ಲ. ಸಂಸ್ಥೆಯು ಪರೀಕ್ಷೆಯ ವಿಷಯಸೂಚಿಯನ್ನು ಉಚಿತವಾಗಿ ಕೊಡುತ್ತದೆ. ನಾಲ್ಕಾರು ಮಂದಿ ಸೇರಿ, ವಾರಕ್ಕೊಂದು ಸಂಜೆ ಅದನ್ನು ಮುಂದಿಟ್ಟುಕೊಂಡು ಕುಳಿತರೆ ಸಾಕು. ಆರಂಭಕ್ಕೆ ಅಷ್ಟೇ ಬೇಕಾಗಿರುವುದು.