ಮೈದಾನ ಬದಲಾಯಿತು, ಗ್ಯಾಲರಿಯ ಹೆಸರು ಬದಲಾಗಲಿಲ್ಲ

ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರುಗಳಲ್ಲಿ ಭತ್ತ ಕೊಯ್ದ ಗದ್ದೆಯೇ ಹುಡುಗರಿಗೆ ಮೈದಾನ. ಅಲ್ಲಿ ಕ್ರಿಕೆಟ್‌ನದೇ ದರ್ಬಾರು. ಸಂಜೆ ಹೊತ್ತು ಒಂದಿಷ್ಟು ವಾಲಿಬಾಲ್, ಜಾತ್ರೆಗೆ ಕಬಡ್ಡಿ. ಫುಟ್‌ಬಾಲ್ ಏನಿದ್ದರೂ ಮೊಬೈಲಿನ ಪರದೆಗೆ ಸೀಮಿತ. ಹಾಗಿದ್ದರೂ ರಾಜ್ಯದ ಅತಿ ದೊಡ್ಡ ಫುಟ್‌ಬಾಲ್ ತಂಡಕ್ಕೂ ಬಳ್ಳಾರಿ ಜಿಲ್ಲೆಗೂ ನಂಟಿದೆ. ಬೆಂಗಳೂರು ಎಫ್‌ಸಿಯ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಜಿಲ್ಲೆಯ ತೋರಣಗಲ್ಲಿನಲ್ಲಿ. ಅದರ ಪಕ್ಕದಲ್ಲೇ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಶುರುವಾಯಿತು. ಋತು ಆರಂಭಕ್ಕೆ ಮುಂಚಿನ ತಾಲೀಮಿಗೆ ತಂಡ ಇಲ್ಲಿಗೆ ಬಂದು ಬೀಡುಬಿಟ್ಟದ್ದಿದೆ. ಬೆವರು ಬಳ್ಳಾರಿಯಲ್ಲಿ, ಚಪ್ಪಾಳೆ ಬೆಂಗಳೂರಿನಲ್ಲಿ!

ಆ ಚಪ್ಪಾಳೆ ಹುಟ್ಟಿದ್ದು ಹೇಗೆ? ತಂಡ ಗೆದ್ದರೆ ಜನ ತಾವಾಗಿಯೇ ಬರುತ್ತಾರೆ ಎಂಬ ಉತ್ತರ ಎಲ್ಲರ ನಾಲಿಗೆಯ ಮೇಲೂ ಇದೆ. ಅದು ಅರ್ಧ ಸತ್ಯ. ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲೇ ಮುಂಬೈನ ರೋವರ್ಸ್ ಕಪ್ ಎತ್ತಿತ್ತು. ಆಮೇಲಿನ ಕಾಲ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳದ್ದು. ಆಟಗಾರರಿಗೆ ನೌಕರಿ ಸಿಗುತ್ತಿತ್ತು, ಸಹೋದ್ಯೋಗಿಗಳು ಬಂದು ಕೂಗುತ್ತಿದ್ದರು. ಆದರೆ ಕಾರ್ಖಾನೆಯ ಕಾಂಪೌಂಡಿನ ಆಚೆಗೆ ಆ ತಂಡಗಳನ್ನು ನಮ್ಮವು ಎಂದವರು ಕಡಿಮೆ. ಎಚ್‌ಎಎಲ್ 2012ರಲ್ಲಿ ಐ–ಲೀಗ್‌ನಿಂದ ಹೊರಬಿದ್ದಾಗ ಊರಿಗೆ ಊರೇ ಮರುಗಲಿಲ್ಲ.

ಮರುವರ್ಷ, 2013ರ ಜುಲೈನಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿತು. ತರಬೇತುದಾರ ಆ್ಯಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಗರುಡಾ ಮಾಲ್ ಹತ್ತಿರದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್ 22ರಂದು ಮೊದಲ ಲೀಗ್ ಪಂದ್ಯ. ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್. ಪಂದ್ಯ 1–1ರಲ್ಲಿ ಸಮ. ತಂಡ ಇನ್ನೂ ಏನನ್ನೂ ಗೆಲ್ಲದ ಆ ದಿನಗಳಲ್ಲೇ ಪಶ್ಚಿಮದ ಗ್ಯಾಲರಿಯಲ್ಲಿ ಒಂದು ಗುಂಪು ಸೇರಿತು, ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡಿತು. ಟ್ರೋಫಿ ಬಂದದ್ದು ಆಮೇಲೆ. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಮೊದಲ ಯತ್ನದಲ್ಲೇ ಐ–ಲೀಗ್ ಚಾಂಪಿಯನ್ ಆಯಿತು. ಬೆಂಬಲಿಗರ ಕಥೆಯನ್ನು ಗೆಲುವಿನಿಂದ ಶುರುಮಾಡುವವರು ಈ ಅನುಕ್ರಮವನ್ನು ಮರೆಯುತ್ತಾರೆ.

ಅಶೋಕನಗರದ್ದು ಚಿಕ್ಕ ಕ್ರೀಡಾಂಗಣ. ಹಳೆಯ ಸಿಮೆಂಟ್ ಮೆಟ್ಟಿಲು, ಕೃತಕ ಹುಲ್ಲು. ಆದರೆ ಆಟಗಾರ ಚೆಂಡು ಎಸೆಯಲು ಗೆರೆಯ ಬಳಿ ಬಂದರೆ ಅವನ ಏದುಸಿರು ಕೇಳುವಷ್ಟು ಹತ್ತಿರ. ಅಲ್ಲಿ ಸಾವಿರ ಜನ ಕೂಗಿದರೂ ಹತ್ತು ಸಾವಿರದ ಸದ್ದು.

ಎರಡನೇ ಋತುವಿಗೆ ತಂಡ ಶ್ರೀ ಕಂಠೀರವಕ್ಕೆ ಹೋಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ, ಸುಮಾರು 25 ಸಾವಿರ ಜನ ಹಿಡಿಸುವ ಜಾಗ. ನಿಜವಾದ ಹುಲ್ಲು, ಒಳ್ಳೆಯ ದೀಪ, ಊರಿನ ನಟ್ಟನಡುವೆ. 2016ರಲ್ಲಿ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣವೂ ತೆರೆದ ಮೇಲೆ ಹೋಗಿಬರುವುದು ಇನ್ನಷ್ಟು ಸಲೀಸು. ಕೊರತೆ ಒಂದೇ: ಗ್ಯಾಲರಿಗೂ ಆಟದ ಅಂಗಳಕ್ಕೂ ನಡುವೆ ಓಟದ ಟ್ರ್ಯಾಕ್. ಗೋಲು ಹೊಡೆದವನು ಅಭಿಮಾನಿಗಳ ಹತ್ತಿರ ಬರಬೇಕೆಂದರೆ ಜಾಹೀರಾತು ಫಲಕ ದಾಟಿ, ಆ ಟ್ರ್ಯಾಕನ್ನೂ ದಾಟಬೇಕು. ಕೂಗು ಅಂಗಳ ಮುಟ್ಟುವಷ್ಟರಲ್ಲಿ ಗಾಳಿ ಅರ್ಧ ತಿಂದುಹಾಕುತ್ತದೆ.

ಹಾಗಂತ ಜನ ಕಡಿಮೆಯಾದರೇ? ಇಲ್ಲ. ಪಶ್ಚಿಮ ಗ್ಯಾಲರಿಯ ಹೆಸರು, ಹಾಡು, ಡೋಲು ಎಲ್ಲವೂ ಅವರ ಜತೆಯಲ್ಲೇ ಕಂಠೀರವಕ್ಕೆ ಬಂದವು. 2015ರ ಮೇ 31ರಂದು ಲೀಗ್‌ನ ಕೊನೆಯ ಪಂದ್ಯ, ಮತ್ತೆ ಅದೇ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದು ಸಮ ಮಾಡಿದರು. ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಮುಂದಿನ ವರ್ಷ ಐ–ಲೀಗ್ ಮತ್ತೆ ಬೆಂಗಳೂರಿನದು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇದೇ ಕಂಠೀರವದಲ್ಲಿ 3–1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ತಂಡವಾಯಿತು. ಮನೆಯಂಗಳದಲ್ಲೇ ಪ್ರಶಸ್ತಿ ಕಳೆದುಕೊಂಡದ್ದು, ಮನೆಯಂಗಳದಲ್ಲೇ ಗೆದ್ದದ್ದು, ಎರಡೂ ಸೇರಿಯೇ ಕಂಠೀರವ ಇವರ ಮನೆಯಾದದ್ದು. ಬರೀ ಗೆಲುವಿನಿಂದ ಆಗುವ ಕೆಲಸವಲ್ಲ ಅದು.

ಟ್ರ್ಯಾಕ್‌ನ ತಕರಾರು ನಮ್ಮೊಬ್ಬರದ್ದಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ 2016ರಲ್ಲಿ ಹಳೆಯ ಅಪ್ಟನ್ ಪಾರ್ಕ್ ಬಿಟ್ಟು ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು. ಸೀಟು ಹೆಚ್ಚಾದವು, ಪ್ರೇಕ್ಷಕರೂ ಹೆಚ್ಚಾದರು, ಜತೆಗೆ ಸಿಟ್ಟೂ ಹೆಚ್ಚಾಯಿತು. 2018ರಲ್ಲಿ ಅಭಿಮಾನಿಗಳು ಅಂಗಳಕ್ಕೇ ನುಗ್ಗಿದರು. ಇಟಲಿಯ ಯುವೆಂಟಸ್ ತಿರುಗಾಮುರುಗಾ ಮಾಡಿತು. ಟ್ರ್ಯಾಕ್ ಇದ್ದ ದೊಡ್ಡ ಕ್ರೀಡಾಂಗಣವನ್ನು ಕೆಡವಿ, 2011ರಲ್ಲಿ ಅಲ್ಲೇ ಸುಮಾರು 41 ಸಾವಿರ ಸೀಟುಗಳ ಚಿಕ್ಕದನ್ನು ಕಟ್ಟಿತು. ಆ ಋತುವಿನಿಂದ ಸತತ ಒಂಬತ್ತು ಲೀಗ್ ಪ್ರಶಸ್ತಿ ಗೆದ್ದಿತು. ಎಲ್ಲವೂ ಕ್ರೀಡಾಂಗಣದ ಮಹಿಮೆ ಎನ್ನಲಾರೆ, ಆದರೆ ಲೆಕ್ಕಕ್ಕಿಲ್ಲದ ಸಂಗತಿಯಂತೂ ಅಲ್ಲ.

ಕಂಠೀರವದ ಟ್ರ್ಯಾಕ್‌ಗೆ ವಾರಸುದಾರರಿದ್ದಾರೆ ಎಂಬುದನ್ನೂ ಹೇಳಬೇಕು. ಫುಟ್‌ಬಾಲ್‌ನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂದು ಅಥ್ಲೀಟ್‌ಗಳು ಪ್ರತಿಭಟಿಸಿದರು, ವಿವಾದ ಹೈಕೋರ್ಟ್‌ವರೆಗೂ ಹೋಯಿತು. ನ್ಯಾಯ ಅವರ ಕಡೆಗೇ ಹೆಚ್ಚಿತ್ತು ಎನ್ನುವುದು ನನ್ನ ಅಭಿಪ್ರಾಯ. ಓಡುವವರಿಗೆಂದು ಕಟ್ಟಿದ ಜಾಗ ಅದು.

ಐ–ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿದ್ದ ತಂಡ 2019ರಲ್ಲಿ ಅದನ್ನೂ ಗೆದ್ದಿತು. ಆಮೇಲೆ ಕೋವಿಡ್; ಎರಡು ಋತು ಗೋವಾದಲ್ಲಿ, ತವರಿನ ಕೂಗಿಲ್ಲದೆ. 2023–24ರಲ್ಲಂತೂ ಹತ್ತನೇ ಸ್ಥಾನ. ಇಂಥ ಹೊತ್ತಿನಲ್ಲೇ ನೋಡಿ, ಗೆದ್ದಾಗ ಬಂದವರು ಯಾರು, ಮೊದಲಿನಿಂದ ಇದ್ದವರು ಯಾರು ಎಂದು ತಿಳಿಯುವುದು. ಸೀಟುಗಳು ಖಾಲಿಯಾಗುವುದು ಬೇರೆ ಗ್ಯಾಲರಿಗಳಲ್ಲಿ, ಪಶ್ಚಿಮದ ಡೋಲು ನಿಲ್ಲುವುದಿಲ್ಲ. ಇನ್ನು ಬದ್ಧ ಎದುರಾಳಿ ಕೇರಳ ಬ್ಲಾಸ್ಟರ್ಸ್ ಬಂದರೆ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ. 2023ರ ಮಾರ್ಚ್ 3ರ ನಾಕೌಟ್‌ನಲ್ಲಿ ಛೆಟ್ರಿಯ ದಿಢೀರ್ ಫ್ರೀ ಕಿಕ್ ಗೋಲು ಒಪ್ಪದೆ ಕೇರಳದವರು ಅಂಗಳ ಬಿಟ್ಟೇ ನಡೆದರು. ಆ ಪಂದ್ಯದ ವಾದ ಎರಡೂ ಕಡೆಯವರಲ್ಲಿ ಇನ್ನೂ ಮುಗಿದಿಲ್ಲ. ಒಂದು ಟ್ರೋಫಿ ಮಾಡಲಾಗದ್ದನ್ನು ಒಂದು ಜಿದ್ದು ಮಾಡುತ್ತದೆ.

ಬೆಂಗಳೂರಿಗೆ ಟ್ರ್ಯಾಕ್ ಇಲ್ಲದ, ಫುಟ್‌ಬಾಲ್‌ಗೇ ಮೀಸಲಾದ ಹದಿನೈದಿಪ್ಪತ್ತು ಸಾವಿರ ಸೀಟಿನ ಕ್ರೀಡಾಂಗಣ ಬೇಕು. ಸರ್ಕಾರವೂ ಕ್ಲಬ್ಬೂ ಕೂತು ಮಾತಾಡಬೇಕಾದ ವಿಷಯ ಅದು. ಬಳ್ಳಾರಿಗೆ ಅಷ್ಟೆಲ್ಲ ಬೇಡ. ಇಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಪಂದ್ಯಕ್ಕೆ ಹೋಗಿಬರುವುದು ಎಲ್ಲ ಮನೆಯ ಹುಡುಗರಿಗೂ ಆಗುವ ಮಾತಲ್ಲ. ತಂಡ ತೋರಣಗಲ್ಲಿಗೆ ತಾಲೀಮಿಗೆ ಬಂದಾಗ ವರ್ಷಕ್ಕೊಂದು ಪಂದ್ಯವನ್ನಾದರೂ ಬಳ್ಳಾರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ಆಡಲಿ, ಸಿರುಗುಪ್ಪ, ಕುರುಗೋಡು, ರಾರಾವಿಯ ಶಾಲೆಗಳಿಂದ ಬಸ್ ಬಿಡಲಿ. ಟಿಕೆಟ್ ಇಡುವುದು ಬೇಡ.